ಹೋಲಿಕೆಯ ಊರು

ಮೊದಲ ಸಲ ಅವರು ಬಂದಾಗ ನಾನು ಆರನೆಯ ಇಯತ್ತೆ.
ಶಮಶಾದ್ ಬಾನು ಎಂಬ ಅಕ್ಕ, ಕೊರಳಲ್ಲಿ ಗುರುತಿನ ಚೀಟಿ,
ಕೈಗಡಿಯಾರ ನೋಡುತ್ತ ಅವ್ವನ ಹಿಂದೆ ಬಾವಿಯವರೆಗೂ ನಡೆದಳು.
ಪಾಳಿ ಕಾದದ್ದು, ಹಗ್ಗ ಜಗ್ಗಿದ್ದು, ತಿರುಗಿ ಬಂದದ್ದು
ಎಲ್ಲ ಬರೆದುಕೊಂಡು, ಹೋಗುವಾಗ
ಒಂದು ಸಾಬೂನು ಕೊಟ್ಟಳು.
ನಮ್ಮ ಸವಳು ನೀರಿಗೆ ನೊರೆ ಬರಲಿಲ್ಲ.

ಮರುವರ್ಷ ಮತ್ತೆ ಅವಳೇ.
ಅದೇ ಪ್ರಶ್ನೆ, ಅದೇ ಗಡಿಯಾರ, ಇನ್ನೊಂದು ಸಾಬೂನು.

ಆಮೇಲೆ ಡೋಣಿ ದಾಟಿ ಪೈಪು ಬಂತು.
ಕೂಡಲವಾಡಕ್ಕೆ ಬಂತು.
ನಮ್ಮ ತೆಗ್ಗಿನಾಳದ ಅಗಸಿಯಲ್ಲಿ ನಿಂತರೆ
ಅವರ ನೀರಿನ ಟಾಕಿ ಕಾಣುತ್ತದೆ.
ನಡುವೆ ಮೂರು ಕಿಲೋಮೀಟರು ಎರೆಹೊಲ, ಬೇರೇನಿಲ್ಲ.

ಮೂರನೆಯ ಸಲ ಅವ್ವ ಕೇಳಿಯೇಬಿಟ್ಟಳು:
"ನೀರು ಅವರಿಗೆ ಕೊಟ್ರಿ,
ಲೆಕ್ಕಾ ನಮ್ಮದ್ಯಾಕ ತಗೋತೀರಿ?"
ಶಮಶಾದಕ್ಕ ಪೆನ್ನಿನ ಟೊಪ್ಪಿಗೆ ಹಾಕಿದಳು, ತೆಗೆದಳು.
"ನನಗೂ ತಿಳಿದಿಲ್ಲಬೇ. ಹಾಳ್ಯಾಗ ನಿಮ್ಮ ಮನಿ ನಂಬರ ಐತಿ."

ಈಗ ವಿಜಯಪುರದಲ್ಲಿ, ಎಂ.ಎ. ಎರಡನೆಯ ವರ್ಷ,
ಕರೆಂಟು ಹೋದ ಮಧ್ಯಾಹ್ನದ ಕ್ಲಾಸಿನಲ್ಲಿ
ಆ ಹಾಳೆಗಳು ನನ್ನೆದುರು ಬಂದು ಕೂತಿವೆ.
ಹೆಸರು ಅಳಿಸಿದ್ದಾರೆ. ಊರು ಉಳಿದಿದೆ.

ಕೂಡಲವಾಡ: ದಿನಕ್ಕೆ ತೊಂಬತ್ತೈದು ನಿಮಿಷ ಇದ್ದದ್ದು
ಮೂವತ್ತಕ್ಕೆ ಬಂತು. ಉಳಿದದ್ದು ಅರವತ್ತೈದು.
ಗುತ್ತಿಗೆದಾರನಾಗಿದ್ದರೆ
ಇಲ್ಲಿಗೇ ಮಾಲೆ ಹಾಕಿಸಿಕೊಳ್ಳುತ್ತಿದ್ದ.
ತಡೀರಿ, ಎನ್ನುತ್ತಾರೆ ಮೇಡಮ್ಮು.
ಆ ವರ್ಷ ಮಳೆ ಹಿಡಿದು ಹೊಡೆದಿತ್ತು,
ಬಾವಿಗಳು ತಾವಾಗಿಯೇ ಮೇಲೆ ಬಂದಿದ್ದವು.
ನಳವಿಲ್ಲದ ಊರಲ್ಲೂ ನೋಡಿ,
ತೊಂಬತ್ತು ಎಪ್ಪತ್ತೈದಾಗಿದೆ.
ಮಳೆಯ ಪಾಲು ಮಳೆಗೆ. ಹದಿನೈದು ಕಳೆಯಿರಿ.
ವ್ಯತ್ಯಾಸಗಳ ವ್ಯತ್ಯಾಸ ಐವತ್ತು.
ನಳದ್ದು ಅಷ್ಟೇ.

ನಳ ಬಂದ ಊರಿಗೆ ಪುಸ್ತಕದಲ್ಲಿ
ಚಿಕಿತ್ಸೆ ಪಡೆದ ಗುಂಪು ಅನ್ನುತ್ತಾರೆ.
ಅಲ್ಲಿ ಯಾರಿಗೂ ಜ್ವರವಿರಲಿಲ್ಲ.

ನನಗೆ ತಿಳಿಯಲು ಹತ್ತು ವರ್ಷ ಹಿಡಿಯಿತು, ಅವ್ವಾ.
ನಳ ಬಾರದ ಕೂಡಲವಾಡ ಎಲ್ಲಿಯೂ ಇಲ್ಲ.
ಅದನ್ನು ನೋಡಬೇಕೆಂದರೆ
ಯಾರಾದರೂ ಅದರ ಬದಲು ಬದುಕಿ ತೋರಿಸಬೇಕು.
ಬಾವಿಯ ಪಾಳಿಯಲ್ಲಿ ನಿಂತು ನೀನು
ಅವರು ಬಾಳದೆ ಬಿಟ್ಟ ದಿನಗಳನ್ನು
ಒಂದೊಂದಾಗಿ ಬಾಳುತ್ತಿದ್ದೆ.

ಕೂರಿಗೆಯ ತಾಳುಗಳ ಹಾಗೆ
ಎರಡೂ ಊರು ಒಂದೇ ಅಂತರದಲ್ಲಿ ಸಾಲು ಹಿಡಿದಿದ್ದವು,
ನಳ ಬರದಿದ್ದರೆ ಹಾಗೆಯೇ ಹೋಗುತ್ತಿದ್ದವು,
ಎಂದು ಹಲಗೆಯ ಮೇಲೆ ಚುಕ್ಕೆಯ ಗೆರೆ.
ಮೊದಲೆರಡು ಸಲದ ಲೆಕ್ಕ ಅದಕ್ಕೆ ಸಾಕ್ಷಿ.
ಮುಂದಿನದ್ದಕ್ಕೆ ಸಾಕ್ಷಿ ಇಲ್ಲ, ನಂಬಿಕೆ ಅಷ್ಟೇ,
ಎಂದರು ಮೇಡಮ್ಮು, ಸೀಮೆಸುಣ್ಣ ಕೊಡವುತ್ತ.

ಕೈ ಎತ್ತಬೇಕಿತ್ತು. ಎತ್ತಲಿಲ್ಲ.
ಸವಳು ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು
ನಮ್ಮಕ್ಕ ಶಾವಂತ್ರಿ ಅಪ್ಪನ ಸೈಕಲ್ಲಿಗೆ
ಎರಡು ಕೊಡ ಕಟ್ಟಿಕೊಂಡು
ಆಚೆ ಊರಿನ ನಳಕ್ಕೆ ಹೋಗುತ್ತಿದ್ದಳು, ಕತ್ತಲಾದ ಮೇಲೆ.
ಅವಳ ಹಿಂದೆ ಇನ್ನೂ ಐದಾರು ಸೈಕಲ್ಲು.
ದಂಡ ಹಾಕುತ್ತಾರೆಂಬ ಅಂಜಿಕೆಗೆ
ಶಮಶಾದಕ್ಕನ ಎದುರು ಅವ್ವ
ಬಾವಿಯ ಮಾತನ್ನಷ್ಟೇ ಆಡಿದಳು.

ಹಾಗಾದರೆ ಆ ಹದಿನೈದರಲ್ಲಿ
ಮಳೆಯದೆಷ್ಟು, ಶಾವಂತ್ರಿಯದೆಷ್ಟು?
ಮಳೆಯ ಲೆಕ್ಕದಲ್ಲಿ ನಾವು ಕಳೆದದ್ದು
ನಳದ್ದೇ ನೀರು, ಕದ್ದು ತಂದದ್ದು.
ಉತ್ತರ ಐವತ್ತಲ್ಲ, ಇನ್ನೂ ಹೆಚ್ಚು.
ಎಷ್ಟು ಹೆಚ್ಚೆಂದು ಹೇಳಬಲ್ಲ ಸೈಕಲ್ಲು
ಗುಜರಿಗೆ ಹೋಗಿ ಏಳು ವರ್ಷವಾಯಿತು.

ಫೋನು ಮಾಡಿದೆ.
"ಅದನ್ನ ಈಗ ಬರೀತಿಯೇನ?" ಅವ್ವನಿಗೆ ಇನ್ನೂ ದಂಡದ ಅಂಜಿಕೆ.
"ಬ್ಯಾಳಿ ಮಾತ್ರ ಛಲೋ ಬೇಯ್ತಿತ್ತು ನೋಡು."

ಕಂಪ್ಯೂಟರು ಕೇಳುತ್ತಿದೆ:
ನಳ ಬಂದ ಊರಿಗೆ ಒಂದು, ಬಾರದ ಊರಿಗೆ ಸೊನ್ನೆ.
ತೆಗ್ಗಿನಾಳದ ನೂರಾ ನಲವತ್ತು ಮನೆಗೂ
ಸೊನ್ನೆ ಒತ್ತುತ್ತ ಬಂದೆ,
ಬಾವಿಕಟ್ಟೆಯ ಮೇಲೆ ಸಾಲಾಗಿ ಇಟ್ಟ ಕೊಡಗಳ ಬಾಯಿ.
ನಮ್ಮ ಮನೆ, ಇಪ್ಪತ್ತೇಳನೆಯದು, ಬಂದಾಗ
ಬೆರಳು ಸ್ವಲ್ಪ ಹೊತ್ತು
ಒಂದರ ಮೇಲೆ ನಿಂತಿತ್ತು.